ಗ್ಲೂಕೋಸ್ ಡ್ರಿಪ್, ಸಲೈನ್, ಆರ್‌ಎಲ್: ಯಾವುದು ಯಾವಾಗ?

"ತುಂಬಾ ಸುಸ್ತಾಗಿದ್ದಾರೆ, ಒಂದು ಗ್ಲೂಕೋಸ್ ಹಾಕ್ತೀರಾ?" ರೋಗಿಯ ಕಡೆಯವರು ಕೇಳುವುದು ಇದನ್ನೇ. ಬಾಟಲಿಗಳು ನೋಡಲು ಒಂದೇ ಥರ, ಒಳಗಿರುವುದು ಬೇರೆ ಬೇರೆ.

ಗ್ಲೂಕೋಸ್ ಡ್ರಿಪ್ ಅಂದರೆ ಸಾಮಾನ್ಯವಾಗಿ 5% ಡೆಕ್ಸ್‌ಟ್ರೋಸ್. ಅದರ ಒಂದು ಲೀಟರಿನಲ್ಲಿ 50 ಗ್ರಾಂ ಸಕ್ಕರೆ ಇರುತ್ತದೆ. ಸಿಗುವ ಶಕ್ತಿ 200 ಕ್ಯಾಲೊರಿಗಿಂತ ಜಾಸ್ತಿಯಲ್ಲ. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು ಇದರ ಎಷ್ಟೋ ಪಟ್ಟು. ಹಾಗಾಗಿ ಇದು ಊಟಕ್ಕೆ ಬದಲಿ ಅಲ್ಲವೇ ಅಲ್ಲ. ಸಕ್ಕರೆಯನ್ನು ಮೈ ಬಳಸಿಕೊಂಡ ಮೇಲೆ ಉಳಿಯುವುದು ಬರೀ ನೀರು. ಅದು ರಕ್ತನಾಳದಲ್ಲಿ ನಿಲ್ಲದೆ ಜೀವಕೋಶಗಳೊಳಗೂ ಹರಡಿಕೊಳ್ಳುತ್ತದೆ. ಬಿಪಿ ಕುಸಿದಾಗ ಇದನ್ನು ನೆಚ್ಚಿಕೊಳ್ಳುವಂತಿಲ್ಲ. ಸುಮ್ನೆ ಹಾಕುತ್ತಾ ಹೋದರೆ ರಕ್ತದ ಸೋಡಿಯಂ ಇಳಿಯುತ್ತದೆ, ಅದು ಮಿದುಳಿಗೆ ಅಪಾಯ.

ನಾರ್ಮಲ್ ಸಲೈನ್‌ನಲ್ಲಿ ಲೀಟರಿಗೆ 9 ಗ್ರಾಂ ಉಪ್ಪು, ಕ್ಯಾಲೊರಿ ಸೊನ್ನೆ. ವಾಂತಿಯಿಂದ ನೀರು, ಉಪ್ಪು ಎರಡೂ ಹೋದಾಗ ಒಳ್ಳೆಯದು. ಲೀಟರುಗಟ್ಟಲೆ ಕೊಟ್ಟರೆ ಮಾತ್ರ ಕ್ಲೋರೈಡ್ ಜಾಸ್ತಿಯಾಗಿ ರಕ್ತದಲ್ಲಿ ಆಮ್ಲ ಏರಬಹುದು.

ಆರ್‌ಎಲ್ ಅಂದರೆ ರಿಂಗರ್ ಲ್ಯಾಕ್ಟೇಟ್. ಇದರ ಲವಣಗಳ ಪ್ರಮಾಣ ರಕ್ತದಲ್ಲಿರುವುದಕ್ಕೆ ಹತ್ತಿರ. ಭೇದಿ, ಸುಟ್ಟ ಗಾಯಗಳಿಗೆ ನನ್ನ ಒಲವು ಇದರ ಕಡೆಗೇ.

ಬಾಯಲ್ಲಿ ಕುಡಿಯಲು ಆಗುವವರಿಗೆ ಎಷ್ಟೋ ಸಲ ಓಆರ್‌ಎಸ್ ಸಾಕು, ಸೂಜಿ ಯಾಕೆ ಅಲ್ವಾ? ಹೃದಯ, ಕಿಡ್ನಿ ತೊಂದರೆ ಇದ್ದರೆ ವೈದ್ಯರಿಗೆ ಮೊದಲೇ ಹೇಳಿ. ಡ್ರಿಪ್ ಜಾಸ್ತಿಯಾದರೆ ಅವರ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳಬಹುದು.