ಸಿದ್ಧ ಚಿನ್ನದ ನ್ಯಾನೊಕ್ಲಸ್ಟರ್ ದ್ರಾವಣ ಕೊಳ್ಳುವ ಮುನ್ನ ಓದಿ

ಜೀವಕೋಶಗಳ ಚಿತ್ರಣಕ್ಕೆಂದು ಚಿನ್ನದ ನ್ಯಾನೊಕ್ಲಸ್ಟರ್‌ಗಳನ್ನು (ಬೆಳಕು ಸೂಸುವ ಅತಿ ಸಣ್ಣ ಚಿನ್ನದ ಗುಚ್ಛಗಳನ್ನು) ಸಿದ್ಧ ದ್ರಾವಣದ ರೂಪದಲ್ಲಿ ಕೊಳ್ಳಲು ಯೋಚಿಸುತ್ತಿರುವ ಸಂಶೋಧನಾ ವಿದ್ಯಾರ್ಥಿಗಳು ಹಣ ಪಾವತಿಸುವ ಮೊದಲು ಇದನ್ನು ಓದಬೇಕೆಂದು ಕೋರುತ್ತೇನೆ. ನಮ್ಮ ಪ್ರಯೋಗಾಲಯ ಅಂತಹ ಒಂದು ಸೀಸೆಯನ್ನು ಮಾರಾಟಗಾರರೊಬ್ಬರಿಂದ ತರಿಸಿತ್ತು. ಅದರಲ್ಲಿ ಹೊಳೆಯುತ್ತಿದ್ದದ್ದು ಚಿನ್ನವಾಗಿರಲಿಲ್ಲ.

ನಿಜವಾದ ದ್ರಾವಣ ಹೇಗಿರಬೇಕೆಂಬುದು ಈ ಕ್ಷೇತ್ರದಲ್ಲಿ ಎಲ್ಲರಿಗೂ ತಿಳಿದದ್ದೇ. 2009ರಲ್ಲಿ ಸಿಂಗಪುರದ ಸಂಶೋಧಕರು ಪ್ರಕಟಿಸಿದ ವಿಧಾನದಲ್ಲಿ ಚಿನ್ನದ ಸಂಯುಕ್ತವಾದ ಕ್ಲೋರೋಆರಿಕ್ ಆಮ್ಲವನ್ನು ಹಸುವಿನ ರಕ್ತದ ಆಲ್ಬುಮಿನ್, ಅಂದರೆ ಬಿಎಸ್‌ಎ ದ್ರಾವಣದೊಡನೆ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆರೆಸಿ, ಬಳಿಕ ಸೋಡಿಯಂ ಹೈಡ್ರಾಕ್ಸೈಡ್‌ನಿಂದ ಪಿಎಚ್ ಅನ್ನು 12ರ ಸುತ್ತಕ್ಕೆ ಏರಿಸಿ 12 ಗಂಟೆ ಇಡುತ್ತಾರೆ. ಪ್ರೋಟೀನೇ ಚಿನ್ನದ ಅಯಾನುಗಳನ್ನು ಅಪಕರ್ಷಿಸಿ, ಸುಮಾರು 25 ಪರಮಾಣುಗಳ ಗುಚ್ಛವನ್ನು ತನ್ನೊಳಗೆ ಹಿಡಿದಿಡುತ್ತದೆ. ದ್ರಾವಣ ಗಾಢ ಕಂದು ಬಣ್ಣಕ್ಕೆ ತಿರುಗುತ್ತದೆ. 365 ನ್ಯಾನೊಮೀಟರ್ ದೀಪದಡಿ ಅದರ ಕೆಂಪು ಹೊಳಪು ಬರಿಗಣ್ಣಿಗೇ ಕಾಣುತ್ತದೆ. ಪ್ರತಿದೀಪ್ತಿಯ, ಅಂದರೆ ಬೆಳಕು ಹೀರಿ ಮರಳಿ ಸೂಸುವ ಹೊಳಪಿನ, ಶಿಖರ 640 ನ್ಯಾನೊಮೀಟರ್‌ನಲ್ಲಿರುತ್ತದೆ, ಕ್ವಾಂಟಂ ಇಳುವರಿ (ಹೀರಿದ ಫೋಟಾನುಗಳಲ್ಲಿ ಮರಳಿ ಸೂಸುವ ಪಾಲು) ಶೇಕಡಾ 6ರಷ್ಟು.

ನಮಗೆ ಬಂದದ್ದು ತೆಳು ಹಳದಿ ದ್ರಾವಣ, ದೀಪದಡಿ ಅದು ನೀಲಿಯಾಗಿ ಹೊಳೆಯಿತು. ಆದರೆ ಜೊತೆಗಿದ್ದ ಪ್ರಮಾಣಪತ್ರದ ರೋಹಿತದಲ್ಲಿ (ತರಂಗಾಂತರವಾರು ಹೊಳಪಿನ ನಕ್ಷೆಯಲ್ಲಿ) 640ರಲ್ಲಿ ಚೂಪಾದ ಶಿಖರವೊಂದಿತ್ತು. ಉದ್ದೀಪನದ, ಅಂದರೆ ಮಾದರಿಯ ಮೇಲೆ ಬಿಟ್ಟ ಬೆಳಕಿನ, ತರಂಗಾಂತರ 320 ಎಂದು ಕೆಳಗೆ ಸಣ್ಣದಾಗಿ ಬರೆದಿತ್ತು. ಇಲ್ಲಿಯೇ ಎಚ್ಚರ ಬೇಕು. ಚದುರಿದ ಉದ್ದೀಪನ ಬೆಳಕು, ಉಪಕರಣದಲ್ಲಿ ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಗ್ರೇಟಿಂಗ್‌ನ ಎರಡನೆಯ ಕ್ರಮದಲ್ಲಿ ಹಾದು, ಸರಿಯಾಗಿ ಎರಡರಷ್ಟು ತರಂಗಾಂತರದ ಸ್ಥಾನದಲ್ಲಿ ಶಿಖರವಾಗಿ ಕಾಣಿಸುತ್ತದೆ. ನಾವು ಉದ್ದೀಪನವನ್ನು 330ಕ್ಕೆ ಬದಲಿಸಿದಾಗ ಶಿಖರವೂ 660ಕ್ಕೆ ಸರಿಯಿತು, ಮಾದರಿಯಿಂದ ಹೊರಬರುವ ಬೆಳಕಿನ ಹಾದಿಯಲ್ಲಿ, ಕಿರು ತರಂಗಾಂತರಗಳನ್ನು ತಡೆಯುವ ಲಾಂಗ್‌ಪಾಸ್ ಫಿಲ್ಟರ್ ಇಟ್ಟಾಗ ಪೂರ್ತಿ ಮಾಯವಾಯಿತು. ನಿಜವಾದ ಪ್ರತಿದೀಪ್ತಿ ಹಾಗೆ ಉದ್ದೀಪನದ ಬೆನ್ನು ಹತ್ತಿ ಓಡುವುದಿಲ್ಲ. ಪ್ರಬಂಧಗಳಲ್ಲಿ ಓದಿದ ಸಂಖ್ಯೆಯೇ ಪ್ರಮಾಣಪತ್ರದಲ್ಲೂ ಇರುವುದರಿಂದ ಹೊಸಬರು ನಂಬಿಬಿಡುತ್ತಾರೆ. ಇದನ್ನು ನಾನು ಸಣ್ಣ ಲೋಪವೆಂದು ಪರಿಗಣಿಸಲಾರೆ.

ಇನ್ನು ಆ ನೀಲಿ ಹೊಳಪು. ಚಿನ್ನವನ್ನೇ ಹಾಕದೆ, ಬಿಎಸ್‌ಎ ಮತ್ತು ಸೋಡಿಯಂ ಹೈಡ್ರಾಕ್ಸೈಡ್‌ಗಳನ್ನು ಮಾತ್ರ ಅದೇ ಉಷ್ಣತೆಯಲ್ಲಿ, ಅಷ್ಟೇ ಹೊತ್ತು ಇಟ್ಟು ನಾವು ಹೋಲಿಕೆಯ ಮಾದರಿಯೊಂದನ್ನು ತಯಾರಿಸಿದೆವು. ಅದರ ರೋಹಿತ ಸೀಸೆಯ ದ್ರಾವಣದ ರೋಹಿತಕ್ಕೆ ಸ್ಥಾನದಲ್ಲಿಯೂ ಆಕಾರದಲ್ಲಿಯೂ ಹೊಂದಿತು. ಕ್ಷಾರದಲ್ಲಿ ಪ್ರೋಟೀನಿನ ಅಮೈನೊ ಆಮ್ಲಗಳಾದ ಟೈರೋಸಿನ್‌ಗಳು ಉತ್ಕರ್ಷಣಗೊಂಡು ಜೋಡಿಯಾದಾಗಲೂ ನೀಲಿ ಪ್ರತಿದೀಪ್ತಿ ಬರುತ್ತದೆ. ಕೆಲವೇ ಪರಮಾಣುಗಳ ಚಿನ್ನದ ಗುಚ್ಛಗಳೂ ನೀಲಿ ಸೂಸುತ್ತವೆ ಎಂಬುದು ನಿಜ. ಆದ್ದರಿಂದಲೇ ಚಿನ್ನರಹಿತ ಮಾದರಿಯಿಲ್ಲದೆ ನೀಲಿ ಬಣ್ಣದಿಂದ ಏನನ್ನೂ ತೀರ್ಮಾನಿಸಲಾಗದು.

ಹೆಚ್ಚು ಹಾನಿಯಾದದ್ದು ಜೀವಕೋಶಗಳಲ್ಲಿ. ಮಾರಾಟಗಾರರ ಸೂಚನೆಯಂತೆ ದ್ರಾವಣವನ್ನು ನೇರವಾಗಿ ಬೆರೆಸಿದಾಗ ಪಿಎಚ್ ಸೂಚಕವಾದ ಫೀನಾಲ್ ರೆಡ್ ಇದ್ದ, ಕೋಶಗಳನ್ನು ಬೆಳೆಸುವ ಮಾಧ್ಯಮ ಕಡುಗುಲಾಬಿಗೆ ತಿರುಗಿತು, ಅಂದರೆ ಕ್ಷಾರವನ್ನು ತೆಗೆದೇ ಇರಲಿಲ್ಲ. ದ್ರಾವಣವನ್ನು ಡಯಾಲಿಸಿಸ್‌ಗೆ ಒಳಪಡಿಸಿ (ಸಣ್ಣ ಅಣುಗಳಷ್ಟೇ ಹಾಯುವ ಪೊರೆಚೀಲದಲ್ಲಿಟ್ಟು) ಹೊರಗಿನ ನೀರನ್ನು ಲೋಹದ ಅಂಶ ಅಳೆಯುವ ಐಸಿಪಿ-ಎಂಎಸ್‌ನಲ್ಲಿ ಅಳೆದಾಗ ಪ್ರೋಟೀನಿಗೆ ಅಂಟದೆ ಉಳಿದ ಚಿನ್ನವೂ ಗಣನೀಯವಾಗಿ ಕಂಡಿತು. ಕೋಶಗಳು ದುಂಡಗಾಗಿ ತಟ್ಟೆಯಿಂದ ಬಿಟ್ಟುಕೊಂಡವು. ಸಾಯುತ್ತಿರುವ ಕೋಶಗಳು ಕಂಡದ್ದನ್ನೆಲ್ಲ ಒಳಗೆ ಬಿಟ್ಟುಕೊಳ್ಳುತ್ತವೆ; ಜೊತೆಗೆ ಎನ್‌ಎಡಿಎಚ್‌ನಂತಹ ಕೋಶದ ಸ್ವಂತ ಅಣುಗಳೂ 450ರ ಸುತ್ತ ನೀಲಿಯನ್ನೇ ಸೂಸುತ್ತವೆ. ಹೀಗಾಗಿ ಚಿತ್ರಗಳು ನೋಡಲು ಸುಂದರವಾಗಿದ್ದವು, ಆದರೆ ಅವುಗಳಿಗೆ ಅರ್ಥವಿರಲಿಲ್ಲ. ಪ್ರಾಮಾಣಿಕವಾಗಿ ದುಡಿದ ವಿದ್ಯಾರ್ಥಿನಿಯೊಬ್ಬಳ ಹಲವು ತಿಂಗಳ ಚಿತ್ರಗಳನ್ನು ಬದಿಗಿಡಬೇಕಾಯಿತು, ಆ ನೋವು ನನಗೆ ಇನ್ನೂ ಇದೆ.

ಸಾಧ್ಯವಿದ್ದರೆ ದ್ರಾವಣವನ್ನು ನೀವೇ ತಯಾರಿಸಿರಿ, ವಿಧಾನ ಕಷ್ಟದ್ದಲ್ಲ. ಚಿನ್ನದ ಲವಣಕ್ಕೆ ಲೋಹದ ಚಮಚ ತಾಗದಂತೆ ನೋಡಿಕೊಂಡರೆ, ಗಾಜಿನ ಪಾತ್ರೆಗಳನ್ನು ಚೆನ್ನಾಗಿ ಶುದ್ಧಗೊಳಿಸಿದರೆ ಸಾಕು, ಉಳಿದದ್ದು ತಾಳ್ಮೆಯ ಕೆಲಸ. ಕೊಳ್ಳಲೇಬೇಕಾದರೆ ಒಂದಕ್ಕಿಂತ ಹೆಚ್ಚು ಉದ್ದೀಪನಗಳಲ್ಲಿ ಫಿಲ್ಟರ್ ಇಟ್ಟು ತೆಗೆದ ಮೂಲ ರೋಹಿತಗಳನ್ನು ಮತ್ತು ಚಿನ್ನರಹಿತ ಮಾದರಿಯ ರೋಹಿತವನ್ನು ಕೇಳಿರಿ. ಪ್ರತಿದೀಪ್ತಿಯ ಜೀವಾವಧಿಯ ಅಳತೆ ಇದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ಈ ಕೆಂಪು ಕ್ಲಸ್ಟರ್‌ಗಳ ಹೊಳಪಿನಲ್ಲಿ ಮೈಕ್ರೊಸೆಕೆಂಡ್ ಮಟ್ಟದ ಭಾಗವಿರುತ್ತದೆ, ಕೋಶಗಳ ಸ್ವಂತ ಹೊಳಪು ನ್ಯಾನೊಸೆಕೆಂಡುಗಳಲ್ಲೇ ಆರುತ್ತದೆ. ಸೀಸೆ ತೆರೆದಿರುವುದರಿಂದ ಹಣ ಹಿಂದಿರುಗಿಸಲಾಗದು ಎಂದು ಮಾರಾಟಗಾರರು ನಮಗೆ ಉತ್ತರಿಸಿದರು. ತೆರೆದು ಪರೀಕ್ಷಿಸಿದ ನಂತರವೂ ಹಿಂದಿರುಗಿಸುವ ಹಕ್ಕನ್ನು ಖರೀದಿ ಆದೇಶದಲ್ಲಿಯೇ ಬರೆಸಿಕೊಳ್ಳಿರಿ.