ಮಾದರಿ ದೋಣಿಯ ಹೊರಮೈಗೆ ಪಾಲಿಯೆಸ್ಟರೋ ಎಪಾಕ್ಸಿಯೋ?

ಹಾರ್ಡನರ್ ಬೆರೆಸಿದರೆ ಗಟ್ಟಿಯಾಗುವ ಅಂಟುದ್ರವವೇ ರೆಸಿನ್; ನನ್ನ ಪಾಲಿಯೆಸ್ಟರ್ ರೆಸಿನ್ ಡಬ್ಬ ಮುಕ್ಕಾಲು ತುಂಬಿಯೇ ಮಹಡಿ ಮೆಟ್ಟಿಲ ಕೆಳಗೆ ಕೂತಿದೆ. ಅದನ್ನು ಮತ್ತೆ ತೆರೆಯುವ ಯೋಚನೆ ನನಗಿಲ್ಲ. ಮುಂದಿನ ದೋಣಿಗೂ ಇನ್ನೊಂದು ಬಗೆಯ ರೆಸಿನ್ ಆದ ಎಪಾಕ್ಸಿಯೇ.

ಮೊದಲ ದೋಣಿಗೆ ಮೇ ತಿಂಗಳಲ್ಲಿ ಪಾಲಿಯೆಸ್ಟರ್ ಹಚ್ಚಿದೆ, ಎರಡನೆಯದಕ್ಕೆ ಜೂನ್ ಮಳೆಯಲ್ಲಿ ಎಪಾಕ್ಸಿ. ಎರಡೂ ಬಾಲ್ಸಾ ಎಂಬ ಹಗುರ ಮರದ ಪಟ್ಟಿ ಜೋಡಿಸಿ ಕಟ್ಟಿದವು, 70 ಸೆಂ.ಮೀ. ಉದ್ದ, ಎರಡಕ್ಕೂ ಚದರ ಮೀಟರಿಗೆ 49 ಗ್ರಾಂ ತೂಗುವ ಫೈಬರ್‌ಗ್ಲಾಸ್ ಬಟ್ಟೆ. ಹಾಸುವ ಕೆಲಸದಲ್ಲಿ ಭೇದವಿಲ್ಲ. ಬೋರಲು ಹಾಕಿದ ದೋಣಿಗೆ ಒಣ ಬಟ್ಟೆ ಹೊದಿಸಿ, ಅಡಿಯ ನಡುಗೆರೆಯಿಂದ ಅಂಚಿನ ಕಡೆಗೆ ರೆಸಿನ್ ಅದ್ದಿದ ಬ್ರಶ್ ಎಳೆದರೆ ಬಿಳಿ ಬಟ್ಟೆ ಮಾಯವಾಗಿ ಮರ ಕಾಣುತ್ತದೆ. ಹೆಚ್ಚಾದ ರೆಸಿನ್ ತೆಗೆಯಲು ಹಳೆಯ ಎಟಿಎಂ ಕಾರ್ಡ್ ಸಾಕು.

ಕಿರಿಕಿರಿ ಶುರುವಾದದ್ದು ಪಾಲಿಯೆಸ್ಟರ್ ಹಚ್ಚಿದ ಮರುದಿನ. ದೋಣಿ ಮುಟ್ಟಿದರೆ ಹಲಸಿನ ಹಣ್ಣು ಬಿಡಿಸಿದ ಹಾಗೆ ಬೆರಳು ಅಂಟಿಕೊಳ್ಳುತ್ತಿತ್ತು. ಹಾರ್ಡನರ್ ಸಾಲಲಿಲ್ಲವೇನೋ ಎಂದು ಎರಡು ದಿನ ಬಿಸಿಲಿಗಿಟ್ಟೆ. ಅಂಟು ಹೋಗಲಿಲ್ಲ, ಅಂಗಳದ ದೂಳಿನ ಜೊತೆ ಒಂದು ಇರುವೆಯೂ ಬಂದು ಸಿಕ್ಕಿಕೊಂಡಿತು. ಮರಳು ಕಾಗದ ಹಿಡಿದು ನಾಲ್ಕು ಸಲ ಉಜ್ಜುವಷ್ಟರಲ್ಲಿ ಕಾಗದವೇ ಮೆತ್ತಿಹೋಗಿ ನುಣ್ಣಗಾಗುತ್ತಿತ್ತು.

ತಪ್ಪು ಹಾರ್ಡನರಿನದಲ್ಲ. ನಾನು ಕೊಂಡದ್ದು ಪದರದ ಮೇಲೆ ಪದರ ಹಚ್ಚಲು ಮಾಡಿದ ರೆಸಿನ್. ಗಾಳಿಯ ಆಮ್ಲಜನಕ ತಗಲುವ ಕಡೆ ಅದು ಪೂರ್ತಿ ಗಟ್ಟಿಯಾಗುವುದೇ ಇಲ್ಲ, ಮುಂದಿನ ಪದರ ಕಚ್ಚಿಕೊಳ್ಳಲು ಆ ಅಂಟೇ ಬೇಕು. ಕೊನೆಯ ಪದರಕ್ಕೆ ಮಾತ್ರ ಮೇಣ ಬೆರೆಸಿದ ರೆಸಿನ್ ಹಚ್ಚಬೇಕು; ಮೇಣ ಮೇಲಕ್ಕೆ ಬಂದು ಗಾಳಿಯನ್ನು ತಡೆಯುತ್ತದೆ. ಅಂಗಡಿಯವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೊನೆಗೆ ಅದನ್ನೂ ತಂದು ಹಚ್ಚಿದ ಮೇಲೆ ಉಜ್ಜಲು ಬಂತು. ಇರುವೆ ಮಾತ್ರ ಎಡಬದಿಯ ಬಣ್ಣದಡಿ ಈಗಲೂ ಇದೆ.

ಪಾಲಿಯೆಸ್ಟರ್ ರೆಸಿನ್‌ನಲ್ಲಿರುವ ಸ್ಟೈರೀನ್ ಎಂಬ ದ್ರಾವಕದ ನಾತದ ಬಗ್ಗೆ ಮನೆಯವರನ್ನೇ ಕೇಳಬೇಕು. ಥರ್ಮೋಕೋಲ್ ತಾಗಿದರೆ ಪಾಲಿಯೆಸ್ಟರ್ ಅದನ್ನು ಕರಗಿಸಿಬಿಡುತ್ತದೆ, ಎಪಾಕ್ಸಿ ಮುಟ್ಟುವುದಿಲ್ಲ.

ಎಪಾಕ್ಸಿಯ ಹಠ ಅಳತೆಯದು. ಬೇಗ ಗಟ್ಟಿಯಾಗಲೆಂದು ಹಾರ್ಡನರ್ ಹೆಚ್ಚು ಸುರಿದರೆ ಕೆಲಸ ಕೆಟ್ಟಿತು. ಚಿನ್ನ ತೂಗುವಂಥ ಪುಟ್ಟ ತಕ್ಕಡಿ ಇಟ್ಟುಕೊಂಡಿದ್ದೇನೆ. ಮಳೆಗಾಲದ ತೇವಕ್ಕೆ ಎಪಾಕ್ಸಿಯ ಮೇಲೆ ಜಿಡ್ಡಿನಂಥ ಪೊರೆಯೂ ಬಂತು. ಬೆಚ್ಚಗಿನ ನೀರು, ಪಾತ್ರೆ ತಿಕ್ಕುವ ನಾರು, ಐದು ನಿಮಿಷ, ಅಷ್ಟೇ.

ಎಪಾಕ್ಸಿಯ ಬೆಲೆ ಪಾಲಿಯೆಸ್ಟರಿನ ಎರಡು ಪಟ್ಟಿಗೂ ಹೆಚ್ಚು. ವರ್ಷಕ್ಕೆ ಒಂದೆರಡು ದೋಣಿ ಕಟ್ಟುವ ನನಗೆ ಅದು ಭಾರವಲ್ಲ. ಅಚ್ಚಿನಲ್ಲಿ ಹತ್ತಾರು ತೆಗೆಯುವವರ ಲೆಕ್ಕ ಬೇರೆ. ಅಂಥವರು ಮೆಟ್ಟಿಲ ಕೆಳಗಿನ ಡಬ್ಬ ಒಯ್ಯುವುದಾದರೆ ಬೇಗ ಬರಲಿ. ದೋಣಿಯ ಮೇಲೆ ಗಟ್ಟಿಯಾಗದ ಈ ರೆಸಿನ್, ಕೆಲವು ತಿಂಗಳು ಬಿಟ್ಟರೆ ಡಬ್ಬದೊಳಗೆ ತಾನಾಗಿ ಗಟ್ಟಿಯಾಗುತ್ತದೆ.