ದುರ್ಗದಬೈಲಿನಲ್ಲಿ ಸಿಗುವ ಹರಿದ್ರಾಖಂಡ: ಡಬ್ಬಿಯ ಒಳಗೇನಿದೆ, ಯಾರಿಗೆ ಒಗ್ಗುತ್ತದೆ

ಹುಬ್ಬಳ್ಳಿ ದುರ್ಗದಬೈಲಿನ ಗ್ರಂಧಿಗೆ ಅಂಗಡಿಗಳಲ್ಲಾಗಲಿ, ಧಾರವಾಡದ ಆಯುರ್ವೇದ ಔಷಧಿ ಅಂಗಡಿಗಳಲ್ಲಾಗಲಿ ‘ಅಲರ್ಜಿಗೆ ಏನರ ಕೊಡ್ರಿ’ ಎಂದು ಕೇಳಿದರೆ ಕೈಗೆ ಬರುವುದು ಬಹುಮಟ್ಟಿಗೆ ಹರಿದ್ರಾಖಂಡ ಎಂಬ ಅರಿಸಿನದ ಔಷಧದ ಡಬ್ಬಿ. ಒಳಗೆ ಸಣ್ಣ ರವೆಯಂಥ ಹರಳು ಹರಳಾದ ಪುಡಿ, ಬಾಯಿಗೆ ಸಿಹಿ, ಮಕ್ಕಳೂ ತಕರಾರಿಲ್ಲದೆ ತಿನ್ನುತ್ತಾರೆ. ಈಚೆಗೆ ಕೆಲವು ಡಬ್ಬಿಗಳ ಮೇಲೆ ‘ಇಮ್ಯುನಿಟಿ ಬೂಸ್ಟರ್’ ಎಂಬ ಮಾತೂ ಸೇರಿಕೊಂಡಿದೆ. ಔಷಧ ಒಳ್ಳೆಯದೇ. ಆದರೆ ಆ ಮಾತನ್ನು ನಂಬಿ ಕೊಳ್ಳುವವರಿಗೆ ಇದರಿಂದ ಸಿಗುವುದು ಕಡಿಮೆ.

ಇದರ ಪಾಠ (ತಯಾರಿಯ ಸೂತ್ರ) ಇರುವುದು ‘ಭೈಷಜ್ಯ ರತ್ನಾವಳಿ’ ಎಂಬ ಆಯುರ್ವೇದ ಗ್ರಂಥದಲ್ಲಿ, ಶೀತಪಿತ್ತ–ಉದರ್ದ–ಕೋಠದ ಅಧಿಕಾರದಲ್ಲಿ (ಅಧ್ಯಾಯದಲ್ಲಿ). ಅಂದರೆ ನಾವು ಪಿತ್ತಗಂಧೆ ಎನ್ನುವ, ಮೈಮೇಲೆ ದಡಾರನೆ ಏಳುವ ಕೆಂಪು ದದ್ದುಗಳಿಗೆ. ಅರಿಸಿನ 8 ಪಲ, ತುಪ್ಪ 6 ಪಲ, ಹಸುವಿನ ಹಾಲು ಒಂದು ಆಢಕ, ಸಕ್ಕರೆ 50 ಪಲ. ಮೇಲೆ ಶುಂಠಿ, ಮೆಣಸು, ಹಿಪ್ಪಲಿ, ದಾಲ್ಚಿನ್ನಿ, ಏಲಕ್ಕಿ, ತಮಾಲಪತ್ರೆ, ವಾಯುವಿಳಂಗ, ತಿಗಡೆ, ಅಳಲೆ, ತಾರೆ, ನೆಲ್ಲಿ, ನಾಗಕೇಸರ, ತುಂಗೆಗಡ್ಡೆ, ಲೋಹಭಸ್ಮ (ಕಬ್ಬಿಣದ ಭಸ್ಮ), ಈ 14 ದ್ರವ್ಯಗಳು ತಲಾ ಒಂದು ಪಲ. ಪಲಕ್ಕೆ 48 ಗ್ರಾಂ ಹಿಡಿದರೆ ಅರಿಸಿನ 384 ಗ್ರಾಂ, ತುಪ್ಪ 288 ಗ್ರಾಂ, ಹಾಲು ಸುಮಾರು ಮೂರು ಲೀಟರು, ಸಕ್ಕರೆ 2 ಕಿಲೋ 400 ಗ್ರಾಂ.

ಈ ಲೆಕ್ಕವನ್ನು ಒಮ್ಮೆ ಮನಸ್ಸಿಟ್ಟು ನೋಡಬೇಕು. ಹಾಲು ಆರಿ ಖೋವಾ ಆದ ಮೇಲೆ ಒಟ್ಟು ತೂಕ ನಾಲ್ಕು ಕಿಲೋದ ಆಸುಪಾಸು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸಕ್ಕರೆ. ಅರಿಸಿನ ಹತ್ತರಲ್ಲಿ ಒಂದು ಪಾಲೂ ಪೂರ್ತಿ ಇಲ್ಲ. ಐದು ಗ್ರಾಂನ ಒಂದು ಚಮಚದಲ್ಲಿ ಅರಿಸಿನ ಅರ್ಧ ಗ್ರಾಂಗಿಂತ ಸ್ವಲ್ಪ ಕಡಿಮೆ, ಸಕ್ಕರೆ ಹತ್ತಿರ ಹತ್ತಿರ ಮೂರು ಗ್ರಾಂ. ಸಕ್ಕರೆ ಕಾಯಿಲೆ ಇದ್ದವರು ‘ಅರಿಸಿನದ ಔಷಧ ಅಲ್ಲೇನು’ ಎಂದು ದಿನಕ್ಕೆ ನಾಲ್ಕು ಚಮಚ ತಿಂದರೆ 12 ಗ್ರಾಂ ಸಕ್ಕರೆ ತಿಂದ ಹಾಗೆ. ಅಂಥವರಿಗೆ ವೈದ್ಯರು ಸಕ್ಕರೆ ಇಲ್ಲದ ಬೇರೆ ಔಷಧ ಕೊಡುತ್ತಾರೆ, ಕೇಳಿ ತೆಗೆದುಕೊಳ್ಳಬೇಕು.

ಚೆನ್ನಾಗಿ ತಯಾರಾದ ಹರಿದ್ರಾಖಂಡದ ಬಣ್ಣ ಥಳಥಳ ಹಳದಿ ಇರುವುದಿಲ್ಲ. ಅಷ್ಟು ಕಂದು ಚೂರ್ಣಗಳು, ಕಪ್ಪು ಲೋಹಭಸ್ಮ, ಹುರಿದ ಖೋವಾ ಸೇರಿದ ಮೇಲೆ ಅದು ಮಂಕಾದ ಕಾವಿ ಮಿಶ್ರಿತ ಹಳದಿಗೆ ತಿರುಗುತ್ತದೆ, ನಡುನಡುವೆ ಕಪ್ಪು ಚುಕ್ಕೆ ಕಾಣುತ್ತವೆ. ಹೊಳೆಯುವ ಹಳದಿ ಕಂಡರೆ ಬಣ್ಣದ ಬಗ್ಗೆ ಅನುಮಾನ ಪಡುವುದು ನ್ಯಾಯ. ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಗಾಜಿನ ಲೋಟದಲ್ಲಿ ಬಿಸಿನೀರು ಹಾಕಿ ಒಂದು ಚಮಚ ಕದಡಿ, ಐದು ನಿಮಿಷ ಸುಮ್ಮನೆ ಬಿಡಿ. ತುಪ್ಪ ಹಾಕಿದ ಮಾಲಾದರೆ ನೀರಿನ ಮೇಲೆ ಸಣ್ಣ ಸಣ್ಣ ತುಪ್ಪದ ಕಣ್ಣುಗಳು ತೇಲುತ್ತವೆ, ನೀರು ಹಾಲು ಬೆರೆತಂತೆ ಮಸುಕಾಗುತ್ತದೆ, ಅರಿಸಿನ ತಳಕ್ಕೆ ಕೂರುತ್ತದೆ. ತುಪ್ಪದ ಸುಳಿವೇ ಇಲ್ಲದೆ ತಿಳಿ ಹಳದಿ ನೀರು ಬಂದರೆ ಅದು ಬಹುಶಃ ಪಾಕ ಮಾಡದೆ ಸಕ್ಕರೆ ಮತ್ತು ಚೂರ್ಣ ಕಲಸಿ ಡಬ್ಬಿಗೆ ತುಂಬಿದ್ದು. ಲೇಬಲ್ಲಿನಲ್ಲಿ ಘೃತ (ತುಪ್ಪ), ದುಗ್ಧ (ಹಾಲು) ಎರಡರ ಹೆಸರೂ ಪ್ರಮಾಣವೂ ಇವೆಯೇ ನೋಡಿದರೆ ಅರ್ಧ ಸಂಶಯ ಅಲ್ಲಿಯೇ ತೀರುತ್ತದೆ.

ಪಾಕ ಯಾಕೆ ಮುಖ್ಯ ಎಂದರೆ, ಅರಿಸಿನದ ಸಾರ ನೀರಿಗಿಂತ ಜಿಡ್ಡಿಗೆ ಒಲಿಯುವಂಥದ್ದು. ಅರಿಸಿನವನ್ನು ಹಾಲಿನಲ್ಲಿ ಸಣ್ಣ ಉರಿಯ ಮೇಲೆ ಖೋವಾ ಆಗುವತನಕ ಬೇಯಿಸಿ, ತುಪ್ಪದಲ್ಲಿ ಹುರಿದು, ಆಮೇಲೆ ಸಕ್ಕರೆ ಪಾಕಕ್ಕೆ ಸೇರಿಸಿ, ಒಲೆಯಿಂದ ಇಳಿಸಿ, ಉಳಿದ ಚೂರ್ಣ ಹಾಕಿ ಕೈಬಿಡದೆ ತಿರುವಬೇಕು. ಹುರಿಯುವುದು ಕಡಿಮೆಯಾದರೆ ಹಸಿ ಅರಿಸಿನದ ವಾಸನೆ ಉಳಿಯುತ್ತದೆ. ಪಾಕ ಏರಿದರೆ ಹರಳಾಗುವ ಬದಲು ಕಲ್ಲುಗಟ್ಟುತ್ತದೆ. ಪಾಕ ಎಳೆಯದಾದರೆ ನೀರಿನಂಶ ಉಳಿದು ಎರಡೇ ತಿಂಗಳಲ್ಲಿ ಗಂಟು, ಬೂಷ್ಟು. ಬಾಯಿಗೆ ಹಾಕಿದಾಗ ಮೊದಲು ಸಿಹಿ, ಆಮೇಲೆ ಗಂಟಲಲ್ಲಿ ಹಿಪ್ಪಲಿಯ ಖಾರ, ಕಡೆಗೆ ಸಣ್ಣ ಕಹಿ ಬರಬೇಕು. ಬರೀ ಸಿಹಿಯಲ್ಲೇ ಮುಗಿದರೆ ಚೂರ್ಣದ ಪಾಲಿನಲ್ಲಿ ಕೈ ಹಿಡಿದಿದ್ದಾರೆ ಎಂದರ್ಥ.

ಇನ್ನು ಇಮ್ಯುನಿಟಿಯ ಮಾತು. ಅಲರ್ಜಿ ಎಂದರೆ ರೋಗನಿರೋಧಕ ಶಕ್ತಿ ಸೊರಗಿರುವುದಲ್ಲ. ಪರಾಗ, ಧೂಳುಹುಳ, ಶೇಂಗಾದಂಥ ನಿರಪಾಯಿ ವಸ್ತುವನ್ನು ಶತ್ರುವೆಂದು ತಿಳಿದು ಅದೇ ಶಕ್ತಿ ಅತಿಯಾಗಿ ಕೆರಳುವುದು. ಮಾಸ್ಟ್ ಕೋಶಗಳು ಹಿಸ್ಟಮಿನ್ ಬಿಡುತ್ತವೆ, ಚರ್ಮ ಉಬ್ಬುತ್ತದೆ, ಮೂಗು ಸೋರುತ್ತದೆ. ಅಲರ್ಜಿಗೆ ಸರಿಸಮನಾದ ಒಂದೇ ಪದ ಆಯುರ್ವೇದದಲ್ಲಿಲ್ಲ. ಅಸಾತ್ಮ್ಯ (ಮೈಗೆ ಒಗ್ಗದ್ದು), ವಿರುದ್ಧಾಹಾರ (ಒಂದಕ್ಕೊಂದು ಹೊಂದದ ಆಹಾರ), ದೂಷೀವಿಷ (ಮೈಯೊಳಗೆ ಉಳಿದು ನಿಧಾನಕ್ಕೆ ಕೆಡಿಸುವ ವಿಷ), ಆಮ (ಜೀರ್ಣವಾಗದೆ ಉಳಿದ ಅಂಶ) ಎಂಬ ಬೇರೆ ಬೇರೆ ಬಾಗಿಲುಗಳಿಂದ ವೈದ್ಯರು ಅದರೊಳಗೆ ಹೋಗುತ್ತಾರೆ. ರೋಗವನ್ನು ತಡೆದು ನಿಲ್ಲುವ ಬಲಕ್ಕೆ ವ್ಯಾಧಿಕ್ಷಮತ್ವ ಎಂಬ ಬೇರೆಯೇ ಹೆಸರಿದೆ, ಅದಕ್ಕೆ ಮೈಗೆ ಬಲ ತುಂಬುವ ರಸಾಯನ ಚಿಕಿತ್ಸೆ ಇದೆ. ಹರಿದ್ರಾಖಂಡ ರಸಾಯನವಲ್ಲ. ಒಳಗೆ ತಿಗಡೆಯಂಥ ಭೇದಿ ಮಾಡಿಸುವ ಬೇರಿರುವ ಔಷಧವನ್ನು ರೋಗವಿಲ್ಲದ ಮನುಷ್ಯ ವರ್ಷಗಟ್ಟಲೆ ಟಾನಿಕ್ಕಿನಂತೆ ತಿನ್ನುವುದು ತಪ್ಪು.

ಇದು ಒಗ್ಗುವ ರೋಗಿಯ ಲಕ್ಷಣವನ್ನು ರೋಗಲಕ್ಷಣಗಳ ಹಳೆಯ ಗ್ರಂಥ ‘ಮಾಧವ ನಿದಾನ’ ಚಂದವಾಗಿ ಹಿಡಿದಿಟ್ಟಿದೆ: ತಣ್ಣನೆಯ ಗಾಳಿ ತಗುಲಿದ ಮೇಲೆ ಕಡಜ ಕಚ್ಚಿದಂಥ ಉಬ್ಬು, ತುರಿಕೆ, ಚುಚ್ಚಿದ ನೋವು. ಧಾರವಾಡದ ಜುಲೈ ತಿಂಗಳ ಜಿಟಿಜಿಟಿ ಮಳೆಯಲ್ಲಿ ಬೆಳಗಿನ ಬೈಕ್ ಸವಾರಿ ಮುಗಿಸಿ ತೋಳು ಕೆರೆದುಕೊಳ್ಳುವವರ ಚಿತ್ರ ಇದೇ. ಇಂಥ ಪಿತ್ತಗಂಧೆಗೆ ಈ ಡಬ್ಬಿ ತಕ್ಕದ್ದು. ಸೀನು, ಮೂಗು ಸೋರುವುದಕ್ಕೆ ಇದೊಂದೇ ಸಾಲುವುದಿಲ್ಲ. ವೈದ್ಯರು ಜೊತೆಗೆ ಅಣುತೈಲದ ನಸ್ಯ (ಮೂಗಿಗೆ ಹನಿ ಹಾಕುವುದು) ಹೇಳುವುದುಂಟು. ರಸ್ತೆ ಬದಿಯ ಕಾಂಗ್ರೆಸ್ ಕಸ ತಾಗಿ ಕುತ್ತಿಗೆ, ಮೊಣಕೈ ಮಡಿಕೆಗಳಲ್ಲಿ ಕಪ್ಪಾಗಿ ದಪ್ಪಗಟ್ಟುವ ಚರ್ಮಕ್ಕೂ ಇದರ ಮೇಲೆ ಭಾರ ಹಾಕಬಾರದು. ಅದು ತಡವಾಗಿ ಕೆರಳುವ ಬೇರೆ ಜಾತಿಯ ಅಲರ್ಜಿ, ಹಿಸ್ಟಮಿನ್ನಿನ ಪಾತ್ರ ಅಲ್ಲಿ ಸಣ್ಣದು. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಚೀಲ ಸುರಿಯುವಾಗ ಬರುವ ಕೆಮ್ಮು, ಕಣ್ಣುರಿ ಬಹುಪಾಲು ಅಲರ್ಜಿಯೇ ಅಲ್ಲ, ಖಾರದ ಧೂಳಿನ ನೇರ ಉರಿ. ಅದಕ್ಕೆ ಬೇಕಾದದ್ದು ಮಾಸ್ಕು.

ತೆಗೆದುಕೊಳ್ಳುವ ಕ್ರಮ ಹೀಗೆ. ದೊಡ್ಡವರಿಗೆ ದಿನಕ್ಕೆ 6ರಿಂದ 12 ಗ್ರಾಂ ರೂಢಿಯ ಪ್ರಮಾಣ. ಮೊದಲ ಮೂರು ದಿನ ರಾತ್ರಿ ಊಟವಾದ ಮೇಲೆ ಒಂದೇ ಚಮಚ, ಬೆಚ್ಚಗಿನ ನೀರಿನ ಜೊತೆ. ಹೊಟ್ಟೆ ಸಡಿಲಾಗದಿದ್ದರೆ ಬೆಳಿಗ್ಗೆ ಇನ್ನೊಂದು ಸೇರಿಸಬಹುದು. ಹಾಲಿನ ಜೊತೆಗೂ ಆಗುತ್ತದೆ, ಆದರೆ ಹಾಲೇ ಆಗದವರಿಗೆ ಈ ಔಷಧವೇ ಬೇಡ, ಒಳಗೇ ಹಾಲಿದೆ. ‘ಬೃಹತ್’ ಎಂದು ಬರೆದ ಡಬ್ಬಿ ಬೇರೆ ಪಾಠದ್ದು. ಅದರಲ್ಲಿ ತಿಗಡೆ, ಅಳಲೆ ಹೆಚ್ಚು, ಹೊಟ್ಟೆ ಬೇಗ ಸಡಿಲಾಗುತ್ತದೆ. ಅಂಗಡಿಯವರು ಒಂದರ ಬದಲು ಇನ್ನೊಂದನ್ನು ಕೊಟ್ಟುಬಿಡುತ್ತಾರೆ, ಹೆಸರು ಓದಿಯೇ ದುಡ್ಡು ಕೊಡಿ.

ಗುಣ ಗೊತ್ತಾಗಲು ನಾಲ್ಕು ವಾರ ಬೇಕು. ಗೋಡೆಯ ಕ್ಯಾಲೆಂಡರಿನ ಮೇಲೆ ಗಂಧೆ ಎದ್ದ ದಿನಕ್ಕೆ ಒಂದು ಗೀಟು ಎಳೆಯಿರಿ, ಆ ದಿನ ತಿಂದದ್ದನ್ನೂ ಬರೆಯಿರಿ. ಹೊಸದಾಗಿ ಶುರುವಾದ ಪಿತ್ತಗಂಧೆ ಬಹಳ ಸಲ ಆರು ವಾರದೊಳಗೆ ತಾನೇ ಹೋಗುತ್ತದೆ. ಹಾಗಾಗಿ ಹತ್ತು ದಿನಕ್ಕೆ ಕಡಿಮೆಯಾದರೆ ಅದು ಡಬ್ಬಿಯ ಗುಣವೇ ಎಂದು ಹೇಳಲಾಗದು. ಆರು ವಾರ ದಾಟಿದ ಹಳೆಯ ಗಂಧೆಯಲ್ಲಿ ಗೀಟುಗಳು ನಿಧಾನಕ್ಕೆ ವಿರಳವಾದರೆ ಔಷಧ ಹಿಡಿಯಿತು ಎನ್ನಬಹುದು. ಇದರ ಮೇಲೆ ನಡೆದ ಅಧ್ಯಯನಗಳು ಚಿಕ್ಕವು, ‘ನೂರಕ್ಕೆ ನೂರು ಗುಣ’ ಎನ್ನುವವರ ಮಾತಿಗೆ ಅವುಗಳ ಆಧಾರವಿಲ್ಲ. ರಾತ್ರಿ ಮೊಸರು, ಹಾಲಿನ ಜೊತೆ ಹುಳಿ ಹಣ್ಣು ಹಾಕಿದ ಮಿಲ್ಕ್‌ಶೇಕ್, ಮೀನು ತಿಂದು ಹಾಲು ಕುಡಿಯುವುದು ಇವನ್ನು ಈ ನಾಲ್ಕು ವಾರ ಬಿಡಬೇಕೆಂದು ವೈದ್ಯರು ಹೇಳುತ್ತಾರೆ. ಶೇಂಗಾ ಚಟ್ನಿ ತಿಂದ ದಿನವೇ ಗೀಟು ಬೀಳುತ್ತಿದ್ದರೆ ಚಟ್ನಿಯನ್ನೇ ಬಿಟ್ಟು ಅಲರ್ಜಿ ಪರೀಕ್ಷೆ ಮಾಡಿಸಿಕೊಳ್ಳುವುದು ನೆಟ್ಟಗಿನ ದಾರಿ.

ಬಸುರಿಯರು ತಿಗಡೆಯ ಕಾರಣಕ್ಕೆ ಇದನ್ನು ಮುಟ್ಟಬಾರದು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಪಿತ್ತಕೋಶದಲ್ಲಿ ಕಲ್ಲಿರುವವರು, ಲಿವರ್ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಶುರು ಮಾಡಬಾರದು. ಅರಿಸಿನದ ಸಾರಕ್ಕೆ ಕರಿಮೆಣಸಿನ ಸಾರ ಬೆರೆಸಿದ ಮಾತ್ರೆಗಳಿಂದ ಲಿವರ್ ಕೆಟ್ಟ ಪ್ರಕರಣಗಳು ದಾಖಲಾಗಿವೆ. ಇಲ್ಲಿ ಪ್ರಮಾಣ ಸಣ್ಣದು, ಆದರೂ ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ, ಕಣ್ಣು ಹಳದಿಯಾದರೆ ಅದೇ ದಿನ ನಿಲ್ಲಿಸಬೇಕು. ಮಲ ಕಪ್ಪಾದರೆ ಲೋಹಭಸ್ಮ ಕಾರಣವಿರಬಹುದು. ಟಾರಿನಂತೆ ಅಂಟಂಟಾಗಿದ್ದರೆ, ಜೊತೆಗೆ ಹೊಟ್ಟೆನೋವು, ಸುಸ್ತಿದ್ದರೆ ತಡಮಾಡದೆ ಡಾಕ್ಟರಿಗೆ ತೋರಿಸಿ. ಉಬ್ಬಸದ ಇನ್‌ಹೇಲರ್ ಬಿಟ್ಟು ಇದನ್ನು ಹಿಡಿಯುವುದು ಜೀವಕ್ಕೇ ಅಪಾಯ. ತುಟಿ, ನಾಲಿಗೆ ಊದಿ ಉಸಿರು ಸಿಕ್ಕಿಕೊಂಡರೆ ಆಗ ಬೇಕಾದದ್ದು ಅಡ್ರಿನಲಿನ್ ಇಂಜೆಕ್ಷನ್, 108ಕ್ಕೆ ಫೋನ್ ಮಾಡಿ ದೊಡ್ಡಾಸ್ಪತ್ರೆಗೆ ಹೋಗಬೇಕು.

ಕೊಳ್ಳುವಾಗ ಬಿಚ್ಚಿ ತೂಗಿ ಕೊಡುವ ಮಾಲು ಬೇಡ. ಲೈಸೆನ್ಸ್ ನಂಬರ್, ಬ್ಯಾಚ್, ತಯಾರಿಯ ತಾರೀಖು ಇರುವ ಸೀಲು ಒಡೆಯದ ಡಬ್ಬಿಯೇ ಇರಲಿ. ಮೊದಲ ಸಲ ತೆಗೆದುಕೊಳ್ಳುವವರು ಹುಬ್ಬಳ್ಳಿ ಹೆಗ್ಗೇರಿಯ ಆಯುರ್ವೇದ ಮಹಾವಿದ್ಯಾಲಯದ ಆಸ್ಪತ್ರೆಯಲ್ಲೋ ಗದಗಿನ ಡಿ.ಜಿ. ಮೇಲ್ಮಾಳಗಿ ಆಯುರ್ವೇದ ಕಾಲೇಜಿನಲ್ಲೋ ಒಮ್ಮೆ ತೋರಿಸಿಕೊಂಡರೆ ಪ್ರಮಾಣ ನಿಮ್ಮ ಮೈಗೆ ತಕ್ಕಂತೆ ಗೊತ್ತಾಗುತ್ತದೆ. ಚಿಕ್ಕ ಮಕ್ಕಳಿಗಂತೂ ಕೇಳದೆ ಕೊಡಬಾರದು, ಸಿಹಿ ಇದೆಯೆಂದು ಅವರ ಕೈಗೆ ಸಿಗುವಂತೆ ಇಡಲೂಬಾರದು. ದೊಡ್ಡ ಡಬ್ಬಿ ಸೋವಿ ಬೀಳುತ್ತದೆ ನಿಜ, ಆದರೆ ಮಳೆಗಾಲದಲ್ಲಿ ನೂರು ಗ್ರಾಂನದೇ ತನ್ನಿ. ಒದ್ದೆ ಚಮಚ ಒಂದೇ ಸಲ ಅದ್ದಿದರೂ ಸಾಕು, ಇಡೀ ಡಬ್ಬಿ ಗಂಟು ಕಟ್ಟುತ್ತದೆ. ಮುಚ್ಚಳ ತೆಗೆದಾಗ ತುಪ್ಪದ ಕಮಟು ವಾಸನೆ ಬಂದರೆ ತಾರೀಖು ಇನ್ನೂ ದೂರವಿದ್ದರೂ ಚೆಲ್ಲಿಬಿಡಿ.